ತಲುಪುವ ಹೊತ್ತಲ್ಲ, ಹೊರಡುವ ಹೊತ್ತು ಬರೆದಿಡಿ

ಬೆಳಿಗ್ಗೆ ಎದ್ದಾಗಿನಿಂದ ಓಡುತ್ತಲೇ ಇರುವವರಿಗೆ ಒಂದು ಸಲಹೆ. 10 ಗಂಟೆಗೆ ಆಫೀಸಿನಲ್ಲಿರಬೇಕು ಅಂದರೆ ನಮ್ಮ ತಲೆಯಲ್ಲಿ 10 ಮಾತ್ರ ಇರುತ್ತದೆ. ಅದರ ಬದಲು ಬಾಗಿಲು ದಾಟುವ ಹೊತ್ತನ್ನು ಬರೆದಿಡಿ. ಬೀಗದ ಕೈ ಹುಡುಕುವುದು, ಲಿಫ್ಟಿಗೆ ಕಾಯುವುದು, ಗಾಡಿ ಹೊರಗೆ ತೆಗೆಯುವುದು, ಸಿಲ್ಕ್ ಬೋರ್ಡ್ ಕಡೆ ಹೋಗುವವರಾದರೆ ಅಲ್ಲಿನ ಟ್ರಾಫಿಕ್ಕು, ಇದಕ್ಕೆಲ್ಲ ಸಮಯ ಬೇಕು ಅಲ್ವಾ? ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇದು ಸೋಮಾರಿತನ ಅಲ್ಲ. ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸ್ವಭಾವ ಅಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ಅಂದಾಜು ಬಿಟ್ಟು, ಹಿಂದೆ ಅಂಥ ಕೆಲಸಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿದಿತ್ತು ನೋಡಿ ಅನ್ನುವುದು ಅವರ ಪರಿಹಾರ. ಹಾಗಾಗಿ ಒಂದು ವಾರ ಮಕ್ಕಳ ಡಬ್ಬಿ ತುಂಬುವುದಕ್ಕೆ, ಸ್ನಾನಕ್ಕೆ, ಬಸ್ ಸ್ಟಾಪಿಗೆ ನಡೆಯುವುದಕ್ಕೆ ಎಷ್ಟಾಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ.

ಆಮೇಲೆ, ಎರಡು ಕೆಲಸದ ನಡುವೆ 10 ನಿಮಿಷ ಖಾಲಿ ಬಿಡಿ. ಹೊರಡುವ ಮುಂಚೆ "ಇದೊಂದು ಮುಗಿಸಿಬಿಡೋಣ" ಅಂತ ಪಾತ್ರೆಗೆ ಕೈ ಹಾಕಬೇಡಿ. ಅವಸರ ಜಾಸ್ತಿ ಹುಟ್ಟುವುದೇ ಅಲ್ಲಿ. ಬೇಗ ರೆಡಿಯಾದರೆ ಸುಮ್ನೆ ಕೂತು ಕಾಫಿ ಕುಡಿಯಿರಿ, ಮೊಬೈಲ್ ಬೇಡ.