ಕುಯ್ಲಿನ ಬಟವಾಡೆ ಲೆಕ್ಕದಲ್ಲಿ ಸೆಲ್‌ಗೆ ಹೆಸರಿಡುವುದು ಹೇಗೆ?

ಕೊಡಗಿನ ತೋಟಗಳಲ್ಲಿ ಕಾಫಿ ಕುಯ್ಲಿನ ಸಮಯಕ್ಕೆ ರೈಟರುಗಳು (ತೋಟದ ಲೆಕ್ಕ ಬರೆಯುವವರು) ಪ್ರತಿಯೊಬ್ಬರು ಕುಯ್ದ ಹಣ್ಣಿನ ತೂಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ಏರಿಸಿ ವಾರದ ಬಟವಾಡೆ ಸಿದ್ಧಪಡಿಸುವುದನ್ನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಗುಣಾಕಾರದಲ್ಲಿ ಯಾರೂ ಎಡವುವುದಿಲ್ಲ. ಮೊದಲ ಸಾಲಿನ ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆಯುವಾಗ ಲೆಕ್ಕ ಕೆಡುತ್ತದೆ, ನಷ್ಟ ದಿನವಿಡೀ ಗಿಡದ ಬುಡದಲ್ಲಿ ನಿಂತವರದಾಗುತ್ತದೆ.

ಹಾಳೆಯ ಎ ಕಾಲಂನಲ್ಲಿ ಹೆಸರು, ಬಿಯಲ್ಲಿ ಕಿಲೊ, ಸಿಯಲ್ಲಿ ಕೂಲಿ ಇರಲಿ. ಮೊದಲ ಸಾಲು ತಲೆಬರಹಕ್ಕೆ. ಕಿಲೊಗೆ 6 ರೂಪಾಯಿ ಎಂದಿಟ್ಟುಕೊಂಡು ಆ ದರವನ್ನು ಎಚ್1ರಲ್ಲಿ, ಅಂದರೆ ಎಚ್ ಕಾಲಂನ ಮೊದಲ ಸಾಲಿನ ಸೆಲ್‌ನಲ್ಲಿ (ಚೌಕದಲ್ಲಿ), ಬರೆಯಿರಿ. ಇಲ್ಲಿ ಕನ್ನಡದಲ್ಲಿ ಅಚ್ಚಾಗಿರುವ ವಿಳಾಸ ಮತ್ತು ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ದರದ ಅಂಕಿಯನ್ನು ಸೂತ್ರದೊಳಗೆ ಎಂದಿಗೂ ಹುದುಗಿಸಬೇಡಿ.

ಮುಂದಿನದು ಎಚ್ಚರ ಬೇಕಾದ ಘಟ್ಟ. ಸಿ2ರಲ್ಲಿ =ಬಿ2*ಎಚ್1 ಎಂದು ಬರೆದರೆ ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಎಕ್ಸೆಲ್ ನೆನಪಿಟ್ಟುಕೊಳ್ಳುವುದು ಎಚ್1 ಎಂಬ ಜಾಗವನ್ನಲ್ಲ, ‘ಇಲ್ಲಿಂದ ಬಲಕ್ಕೆ ಐದು ಕಾಲಂ, ಮೇಲಕ್ಕೆ ಒಂದು ಸಾಲು’ ಎಂಬ ದಾರಿಯನ್ನು. ಆದ್ದರಿಂದ ಕೆಳಕ್ಕೆ ಎಳೆದೊಡನೆ ಸಿ3ರ ಸೂತ್ರ =ಬಿ3*ಎಚ್2 ಆಗುತ್ತದೆ, ಸಿ4ರದು =ಬಿ4*ಎಚ್3 ಆಗುತ್ತದೆ. ಎಚ್3 ಖಾಲಿಯಿದ್ದರೆ ಕೂಲಿ ಸೊನ್ನೆಯಾಗಿ ತಪ್ಪು ತಾನೇ ಕಾಣುತ್ತದೆ. ಎಚ್2ರಲ್ಲಿ ಹೋಲಿಕೆಗೆಂದು ಹೋದ ವರ್ಷದ 5 ರೂಪಾಯಿ ಬರೆದಿಟ್ಟಿದ್ದರೆ, ಸೊನ್ನೆಗಳನ್ನೆಲ್ಲ ತಿದ್ದಿದ ಮೇಲೂ ಆ ಒಬ್ಬರ ಕೂಲಿ ಹಳೆಯ ದರದಲ್ಲಿಯೇ ಉಳಿದುಬಿಡುತ್ತದೆ.

ಪರಿಹಾರವಾಗಿ, ಸೂತ್ರದಲ್ಲಿ ಎಚ್1ರ ಮೇಲೆ ಕರ್ಸರ್ ಇಟ್ಟು ಕೀಬೋರ್ಡಿನ ಮೇಲ್ಸಾಲಿನ ಎಫ್4 ಕೀಲಿಯನ್ನು ಒಮ್ಮೆ ಒತ್ತಿರಿ. ಅದು $ಎಚ್$1 ಆಗಿ, ಎಲ್ಲಿಗೆ ಎಳೆದರೂ ಕದಲುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕು. ಈ ಕೆಲಸವನ್ನು ಮೊಬೈಲ್‌ನಲ್ಲಿ ಮಾಡಬೇಡಿ. ಆ ಸಣ್ಣ ಪರದೆಯಲ್ಲಿ ಬಿಟ್ಟುಹೋದ ಡಾಲರ್ ಚಿಹ್ನೆ ಕಣ್ಣಿಗೆ ಬೀಳುವುದಿಲ್ಲ.

ಡಾಲರ್ ಚಿಹ್ನೆಗಿಂತಲೂ ನಾನು ಒತ್ತಿ ಹೇಳುವುದು ಹೆಸರಿಡುವುದನ್ನು. ಎಚ್1ನ್ನು ಆರಿಸಿ, ಸೂತ್ರಪಟ್ಟಿಯ ಎಡತುದಿಯಲ್ಲಿ ಸೆಲ್‌ನ ವಿಳಾಸ ತೋರಿಸುವ ಪುಟ್ಟ ಚೌಕದಲ್ಲಿ ಕುಯ್ಲು_ದರ ಎಂದು ಬರೆದು ಎಂಟರ್ ಒತ್ತಿರಿ. ಎಂಟರ್ ಒತ್ತದೆ ಬೇರೆಡೆ ಕ್ಲಿಕ್ ಮಾಡಿದರೆ ಹೆಸರು ನಿಲ್ಲುವುದಿಲ್ಲ. ಪದಗಳ ನಡುವೆ ಖಾಲಿ ಜಾಗ ಬಿಡಬಾರದು, ಅಡಿಗೆರೆ ಹಾಕಬೇಕು. ಇನ್ನು =ಬಿ2*ಕುಯ್ಲು_ದರ ಎಂಬ ಸೂತ್ರ ಡಾಲರ್ ಇಲ್ಲದೆಯೂ ಕೊನೆಯ ಸಾಲಿನವರೆಗೆ ಸರಿಯಾಗಿರುತ್ತದೆ, ಓದಿದವರಿಗೂ ಅರ್ಥವಾಗುತ್ತದೆ.

ನಮ್ಮ ಕಡೆಯವರು ಹೆಸರಿಡುವಾಗ ವಿಶೇಷವಾಗಿ ಎಡವುವ ಒಂದು ಜಾಗವಿದೆ. ಐವತ್ತು ಕಿಲೊ ಚೆರಿ (ಒಣಗಿಸಿದ ಹಣ್ಣು) ಚೀಲಕ್ಕೆ 27 ಔಟ್‌ಟರ್ನ್, ಅಂದರೆ 27 ಕಿಲೊ ಕಾಫಿ ಬೀಜ, ಬಂದರೆ ಆ ಅಂಕಿಯ ಸೆಲ್‌ಗೆ ಔಟ್‌ಟರ್ನ್ ಎಂಬುದನ್ನು ಚುಟುಕಾಗಿಸಿ ಓಟಿ27 ಎಂದು ಹೆಸರಿಡಲು ಕೈ ಹೋಗುತ್ತದೆ. ಆದರೆ 2007ರ ಆವೃತ್ತಿಯಿಂದ ಎಕ್ಸೆಲ್‌ನಲ್ಲಿ 16,384 ಕಾಲಂಗಳಿದ್ದು, ಅವುಗಳಲ್ಲಿ 410ನೆಯದರ ಹೆಸರೇ ಓಟಿ. ಹೀಗಾಗಿ ಎಂಟರ್ ಒತ್ತಿದೊಡನೆ ಹೆಸರು ಕೂರುವ ಬದಲು ಕರ್ಸರ್ ದೂರದ ಆ ಸೆಲ್‌ಗೆ ಜಿಗಿಯುತ್ತದೆ, ಸೂತ್ರದಲ್ಲಿ ಬರೆದ ಓಟಿ27 ಯಾವ ದೋಷಸೂಚನೆಯನ್ನೂ ಕೊಡದೆ ಖಾಲಿ ಸೆಲ್‌ನಿಂದ ಸೊನ್ನೆ ತರುತ್ತದೆ. ಓಟಿ_27 ಎಂದು ಬರೆದರೆ ತೊಂದರೆಯಿಲ್ಲ.

ಹೆಸರಿನಿಂದಲೇ ಬರುವ ಅಪಾಯವೂ ಒಂದಿದೆ. ಕುಯ್ಲಿನ ಕೊನೆಗೆ ಗಿಡದಲ್ಲಿ ಹಣ್ಣು ಕಡಿಮೆಯಾಗಿ ದರ ಏರಿಸಿದಾಗ ಎಚ್1ರ ಅಂಕಿಯನ್ನು ಬದಲಿಸಿದರೆ, ಆಗಲೇ ಹಣ ಕೊಟ್ಟು ಮುಗಿಸಿದ ವಾರಗಳ ಲೆಕ್ಕವೂ ಬದಲಾಗುತ್ತದೆ. ಹೊಸ ದರಕ್ಕೆ ಬೇರೆ ಸೆಲ್, ಬೇರೆ ಹೆಸರು ಕೊಡಿ.

ಬೇರೆ ಹಾಳೆಯಲ್ಲಿ ಮಾಡುವ ಚೀಲದ ಬೆಲೆಯ ಕೋಷ್ಟಕಕ್ಕೆ ಮಾತ್ರ ಅರೆ ಡಾಲರ್, ಅಂದರೆ ಕಾಲಂ ಅಥವಾ ಸಾಲು ಎರಡರಲ್ಲಿ ಒಂದಕ್ಕಷ್ಟೇ ಡಾಲರ್, ಬೇಕು: ಎ ಕಾಲಂನಲ್ಲಿ ಔಟ್‌ಟರ್ನ್‌ಗಳು, ಮೊದಲ ಸಾಲಿನಲ್ಲಿ ಓಟಿ ದರಗಳು (ಒಂದು ಔಟ್‌ಟರ್ನ್‌ಗೆ ಇಷ್ಟು ರೂಪಾಯಿ ಎಂಬ ದರ), ಬಿ2ರಲ್ಲಿ =$ಎ2*ಬಿ$1.

ಸಿದ್ಧಪಡಿಸಿ ಮಾರುವ, ಪಾಸ್‌ವರ್ಡ್ ಹಾಕಿ ಸೂತ್ರಗಳನ್ನು ಮುಚ್ಚಿಟ್ಟ ತೋಟದ ಹಾಳೆಗಳನ್ನು ಕೊಳ್ಳಬೇಡಿ. ಅವುಗಳ ತಪ್ಪನ್ನು ತಿದ್ದುವುದಿರಲಿ, ನೋಡಲೂ ಆಗುವುದಿಲ್ಲ. ಬಟವಾಡೆಗೆ ಮುನ್ನ ಕಂಟ್ರೋಲ್ ಜೊತೆಗೆ ಎಫ್3 ಒತ್ತಿ ಹೆಸರುಗಳ ಪಟ್ಟಿಯನ್ನು ನೋಡಿ, ಕೊನೆಯ ಸಾಲಿನ ಕೂಲಿಯನ್ನು ಕೈಯಲ್ಲಿ ಗುಣಿಸಿ ತಾಳೆ ಹಾಕಿರಿ.