ಅಮೆರಿಕದ ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಅಮೆರಿಕದಲ್ಲಿ ಶಾಸನ ಮಾಡುವುದು ಕಾಂಗ್ರೆಸ್ಸಾದರೂ, ಆ ಶಾಸನ ಜನರ ದಿನನಿತ್ಯದ ಬದುಕನ್ನು ಮುಟ್ಟುವುದು ಇಲಾಖೆಗಳು ರೂಪಿಸುವ ನಿಯಮಗಳ ಮೂಲಕ. ವೀಸಾದ ಅವಧಿ, ಅರ್ಜಿ ಶುಲ್ಕ, ಔಷಧಿಯ ಲೇಬಲ್, ಕಾರಿನ ಹೊಗೆಯ ಮಿತಿ ಎಲ್ಲವೂ ಈ ನಿಯಮಗಳಲ್ಲಿವೆ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಲಾಖೆಯು ಕರಡನ್ನು ಫೆಡರಲ್ ರಿಜಿಸ್ಟರ್ ಎಂಬ ರಾಜಪತ್ರದಲ್ಲಿ ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯಗಳನ್ನು ಪರಿಶೀಲಿಸಿದ ಮೇಲೆಯೇ ನಿಯಮವನ್ನು ಅಂತಿಮಗೊಳಿಸಬೇಕು. ಕರ್ನಾಟಕ ರಾಜ್ಯಪತ್ರದಲ್ಲಿ ಕರಡು ಅಧಿಸೂಚನೆ ಹೊರಡಿಸಿ ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸುವ ಕ್ರಮವನ್ನು ಬಲ್ಲವರಿಗೆ ಇದು ಹೊಸದೆನಿಸದು. ಅಭಿಪ್ರಾಯ ಸಲ್ಲಿಸಲು ಪೌರತ್ವದ ಷರತ್ತಿಲ್ಲ. ವಿಶೇಷ ಪರಿಣತಿಯ ಕೆಲಸಕ್ಕೆ ಕೊಡುವ ಎಚ್-1ಬಿ ವೀಸಾದ ನೌಕರರು, ಎಚ್-4 ವೀಸಾದಲ್ಲಿರುವ ಅವರ ಪತಿ ಅಥವಾ ಪತ್ನಿ, ವಿದ್ಯಾರ್ಥಿಗಳು ಎಲ್ಲರೂ ಸಲ್ಲಿಸಬಹುದು.

ಆದರೆ ವೀಸಾ ಕುರಿತ ಕರಡು ಹೊರಬಿದ್ದ ಕೂಡಲೇ ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಪತ್ರ ಹರಿದಾಡುತ್ತದೆ. ಎಲ್ಲರೂ ಅದನ್ನೇ ಅಂಟಿಸಿ ಕಳುಹಿಸಿ, ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತಾರೆ. ಇಷ್ಟು ಬೆಲೆಬಾಳುವ ಅವಕಾಶ ಹೀಗೆ ಕೈತಪ್ಪಿ ಹೋಗುವುದನ್ನು ಮತ್ತೆ ಮತ್ತೆ ನೋಡಿ ಈ ಲೇಖನ ಬರೆಯುತ್ತಿದ್ದೇನೆ. ಅಭಿಪ್ರಾಯ ಸಂಗ್ರಹವೆಂಬುದು ಮತದಾನವಲ್ಲ. ಹತ್ತು ಸಾವಿರ ಒಂದೇ ತೆರನಾದ ಪತ್ರಗಳು ಬಂದರೂ ಅವು ಎತ್ತುವ ವಿಷಯ ಒಂದೇ, ಆದ್ದರಿಂದ ಇಲಾಖೆ ಕೊಡಬೇಕಾದ ಉತ್ತರವೂ ಒಂದೇ.

ಮೊದಲು ಕರಡನ್ನು ಗುರುತಿಸಿ

ಫೆಡರಲ್ ರಿಜಿಸ್ಟರ್‌ನ ಜಾಲತಾಣದಲ್ಲಿ ಇಲಾಖೆಯ ಹೆಸರು ಹಾಕಿ ಹುಡುಕಿದರೆ ಕರಡು ಸಿಗುತ್ತದೆ. ಅದರ ತಲೆಯಲ್ಲೇ ಡಾಕೆಟ್ ಸಂಖ್ಯೆ (ಆ ಕರಡಿನ ಕಡತದ ಗುರುತು ಸಂಖ್ಯೆ), ಕೊನೆಯ ದಿನಾಂಕ, ಅಭಿಪ್ರಾಯ ಕಳುಹಿಸಬೇಕಾದ ವಿಳಾಸ ಇರುತ್ತವೆ; ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಸುದ್ದಿ ಜಾಲತಾಣಗಳ ಸಾರಾಂಶವನ್ನು ನಂಬಿ ಹೊರಡಬೇಡಿ. ಹೆಚ್ಚಿನ ಇಲಾಖೆಗಳು ರೆಗ್ಯುಲೇಷನ್ಸ್ ಡಾಟ್ ಗವ್ ಎಂಬ ಸರ್ಕಾರಿ ತಾಣದ ಮೂಲಕ ಅಭಿಪ್ರಾಯ ಸ್ವೀಕರಿಸುತ್ತವೆಯಾದರೂ, ದೂರಸಂಪರ್ಕದ ವಿಷಯ ನೋಡಿಕೊಳ್ಳುವ ಎಫ್‌ಸಿಸಿಯಂತಹ ಕೆಲವು ಆಯೋಗಗಳಿಗೆ ತಮ್ಮದೇ ಪ್ರತ್ಯೇಕ ವ್ಯವಸ್ಥೆಯಿದೆ. ತಪ್ಪು ಡಾಕೆಟ್‌ಗೆ ಹೋದ ಪತ್ರ ಎಷ್ಟೇ ಚೆನ್ನಾಗಿದ್ದರೂ ಸರಿಯಾದ ಕಡತಕ್ಕೆ ಸೇರುವುದು ಅನುಮಾನ.

ಕಾಲಾವಕಾಶ ಸಾಮಾನ್ಯವಾಗಿ 30ರಿಂದ 60 ದಿನ. ಕೊನೆಯ ದಿನದ ಗಡುವು ಅಮೆರಿಕದ ಪೂರ್ವ ವಲಯದ ಸಮಯದಲ್ಲಿ ರಾತ್ರಿ 11 ಗಂಟೆ 59 ನಿಮಿಷ, ಅಂದರೆ ಕ್ಯಾಲಿಫೋರ್ನಿಯಾದವರಿಗೆ ಅಂದು ರಾತ್ರಿ ಒಂಬತ್ತು ಹೊಡೆಯುವುದರೊಳಗೆ ಕೆಲಸ ಮುಗಿದಿರಬೇಕು. ಕೊನೆಯ ದಿನದವರೆಗೆ ಕಾಯಲೇಬಾರದು; ಎರಡು ದಿನ ಮೊದಲೇ ಕಳುಹಿಸುವುದು ಲೇಸು.

ಕರಡನ್ನು ಓದುವ ಕ್ರಮ

ನೂರಾರು ಪುಟಗಳ ಕರಡನ್ನು ಮೊದಲಿನಿಂದ ಓದಲು ಹೊರಟವರು ಇಪ್ಪತ್ತನೇ ಪುಟದಲ್ಲೇ ಕೈಚೆಲ್ಲುತ್ತಾರೆ. ಹಿಂದಿನಿಂದ ಓದಿ. ಕೊನೆಯ ಪುಟಗಳಲ್ಲಿರುವ ತಿದ್ದುಪಡಿಯ ಪಠ್ಯವೇ ಮುಂದೆ ಕಾನೂನಾಗುವ ಭಾಗ. ಅದಕ್ಕೂ ಮೊದಲಿನ ಪುಟಗಳಲ್ಲಿರುವುದೆಲ್ಲ ಇಲಾಖೆಯ ವಿವರಣೆ. ನಿಮಗೆ ತಾಗುವ ವಿಧಿಯನ್ನು ಅಲ್ಲಿ ಗುರುತು ಹಾಕಿಕೊಂಡು, ಅದೇ ವಿಧಿಯ ಕುರಿತು ಇಲಾಖೆ ಕೊಟ್ಟಿರುವ ಕಾರಣಗಳನ್ನು ವಿವರಣೆಯಲ್ಲಿ ಹುಡುಕಿ. ಆ ಬಳಿಕ ವೆಚ್ಚ ಮತ್ತು ಪ್ರಯೋಜನಗಳ ಅಂದಾಜಿನ ಕೋಷ್ಟಕಗಳಿಗೆ ಬನ್ನಿ. ಒಂದು ಅರ್ಜಿ ತುಂಬಲು ಎಷ್ಟು ಗಂಟೆ ಬೇಕು, ಎಷ್ಟು ಜನರಿಗೆ ತೊಂದರೆಯಾಗಬಹುದು ಎಂಬ ಇಲಾಖೆಯ ಊಹೆಗಳು ಅಲ್ಲಿರುತ್ತವೆ, ಮತ್ತು ಅವುಗಳಲ್ಲಿ ಹಲವನ್ನು ನಿಮ್ಮ ಅನುಭವದಿಂದಲೇ ಪ್ರಶ್ನಿಸಲು ಸಾಧ್ಯ. ಕೆಲವು ಕಡೆ ‘ಈ ಅಂಶದ ಬಗ್ಗೆ ಅಭಿಪ್ರಾಯ ಬಯಸುತ್ತೇವೆ’ ಎಂದು ಇಲಾಖೆಯೇ ಕೇಳಿರುತ್ತದೆ. ಅಂತಹ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಪತ್ರಕ್ಕಿಂತ ಉಪಯುಕ್ತವಾದದ್ದು ಬೇರೆಯಿಲ್ಲ.

ಬರವಣಿಗೆ: ಎಲ್ಲರೂ ಎಡವುವ ಜಾಗ

ಜನ ಬರೆಯುವುದು ಹೀಗೆ: ‘ಈ ನಿಯಮ ಅನ್ಯಾಯದ್ದು, ತೆರಿಗೆ ಕಟ್ಟಿ ದುಡಿಯುವ ನಮ್ಮಂಥವರಿಗೆ ಇದರಿಂದ ಬಹಳ ತೊಂದರೆಯಾಗುತ್ತದೆ, ದಯವಿಟ್ಟು ಕೈಬಿಡಿ.’ ಇದರಲ್ಲಿರುವ ನೋವು ನಿಜವೇ. ಆದರೆ ಯಾವ ವಿಧಿ, ಏನು ತೊಂದರೆ, ಬದಲಿಗೆ ಏನು ಮಾಡಬೇಕು ಎಂಬ ಮೂರಕ್ಕೂ ಇದರಲ್ಲಿ ಉತ್ತರವಿಲ್ಲ. ಉತ್ತರ ಕೊಡಲೇಬೇಕಾದ ಪ್ರಶ್ನೆಯನ್ನು ನೀವು ಎತ್ತದಿದ್ದರೆ ಇಲಾಖೆ ನಿಮಗೆ ಉತ್ತರಿಸಬೇಕಾಗಿಯೂ ಇಲ್ಲ.

ಉತ್ತರಿಸಬೇಕಾದ ಹೊಣೆಯನ್ನು ನ್ಯಾಯಾಲಯಗಳು ಗಟ್ಟಿಯಾಗಿ ಹೇಳಿವೆ. ಮೀನಿನಿಂದ ಬರುವ ಬಾಟ್ಯುಲಿಸಮ್ ಎಂಬ ವಿಷಬಾಧೆಯನ್ನು ತಡೆಯಲು, ಹೊಗೆಯಲ್ಲಿ ಹದಮಾಡುವ ಎಲ್ಲ ಮೀನುಗಳಿಗೂ ಒಂದೇ ಬಗೆಯ ಉಷ್ಣತೆ, ಅವಧಿ ಮತ್ತು ಉಪ್ಪಿನ ಪ್ರಮಾಣವನ್ನು ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ನಿಗದಿಪಡಿಸಿತ್ತು. ಅಷ್ಟು ಬಿಸಿಗೆ ವೈಟ್‌ಫಿಶ್ ಮಾರಲು ಬಾರದಂತೆ ಹಾಳಾಗುತ್ತದೆ, ಮೀನಿನ ಜಾತಿಗೆ ತಕ್ಕಂತೆ ನಿಯಮವಿರಲಿ ಎಂದು ಆ ಉದ್ಯಮದವರು ಅಭಿಪ್ರಾಯ ಸಲ್ಲಿಸಿದ್ದರು. ಅದಕ್ಕೆ ಸಂಸ್ಥೆ ಸಮರ್ಪಕ ಉತ್ತರ ಕೊಡಲಿಲ್ಲವೆಂದು 1977ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ, ವೈಟ್‌ಫಿಶ್‌ನ ಮಟ್ಟಿಗೆ ನಿಯಮವನ್ನೇ ಅಸಿಂಧುಗೊಳಿಸಿತು. ಅಲ್ಲಿ ಕೆಲಸ ಮಾಡಿದ್ದು ಮೀನು ಹದಮಾಡುವವರಿಗೆ ಮಾತ್ರ ಗೊತ್ತಿದ್ದ ಒಂದು ಸಂಗತಿ. ನಿಮ್ಮ ಪತ್ರದಲ್ಲೂ ಅಂಥದ್ದೊಂದು ಇರಬೇಕು.

ನಮಗೆ ಹತ್ತಿರದ ಉದಾಹರಣೆಯೂ ಇದೆ. 2023ರ ಅಕ್ಟೋಬರ್ 23ರಂದು ಪ್ರಕಟವಾದ ಎಚ್-1ಬಿ ಕರಡಿನಲ್ಲಿ, ಹೆಚ್ಚಿನ ವಿಶೇಷ ಅಧ್ಯಯನವಿಲ್ಲದ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಅಥವಾ ಲಿಬರಲ್ ಆರ್ಟ್ಸ್ ಪದವಿ ಸಾಲದು ಎಂದು ಹೆಸರು ಹಿಡಿದು ಬರೆಯಲಾಗಿತ್ತು. ಪದವಿಯ ಶೀರ್ಷಿಕೆಯೇ ಅಳತೆಗೋಲಾಗುವ ಅಪಾಯವನ್ನು ಅಭಿಪ್ರಾಯಗಳು ಎತ್ತಿ ತೋರಿಸಿದವು. 2024ರ ಡಿಸೆಂಬರ್ 18ರಂದು ಹೊರಬಂದ ಅಂತಿಮ ನಿಯಮದಲ್ಲಿ ಆ ಎರಡೂ ಪದವಿಗಳ ಹೆಸರು ಇರಲಿಲ್ಲ.

ಅಂತಹ ಕರಡಿಗೆ ಹೇಗೆ ಬರೆಯಬೇಕೆಂದು ಒಂದು ಮಾದರಿಯ ಮೂಲಕ ತೋರಿಸುತ್ತೇನೆ. ಮೊದಲ ವಾಕ್ಯದಲ್ಲಿ ನೀವು ಯಾರು, ಯಾವ ವಿಧಿಯ ಬಗ್ಗೆ ಬರೆಯುತ್ತಿದ್ದೀರಿ ಎಂಬುದಿರಲಿ: ‘ನಾನು ಬ್ಯಾಂಕೊಂದರಲ್ಲಿ ಸಾಲದ ಅಪಾಯವನ್ನು ಅಂದಾಜು ಮಾಡುವ ಉದ್ಯೋಗಿ, ವಿಶೇಷ ಪರಿಣತಿಯ ಹುದ್ದೆಯ ವ್ಯಾಖ್ಯೆಯಲ್ಲಿ ಪ್ರಸ್ತಾಪಿಸಿರುವ ತಿದ್ದುಪಡಿಯ ಕುರಿತು ಈ ಪತ್ರ.’ ಬಳಿಕ ಸಂಗತಿ: ‘ನನ್ನ ಪದವಿಯ ಹೆಸರು ಬಿಸಿನೆಸ್ ಅಡ್ಮಿನಿಸ್ಟ್ರೇಷನ್. ಆದರೆ ಲಗತ್ತಿಸಿರುವ ಪಠ್ಯಕ್ರಮ ತೋರಿಸುವಂತೆ ನಾನು ಓದಿದ ವಿಷಯಗಳಲ್ಲಿ ಹೆಚ್ಚಿನವು ಸಂಖ್ಯಾಶಾಸ್ತ್ರ ಮತ್ತು ಹಣಕಾಸಿಗೆ ಸೇರಿದವು, ಮತ್ತು ನನ್ನ ಹುದ್ದೆಯ ಪ್ರತಿಯೊಂದು ಕರ್ತವ್ಯವೂ ಅವನ್ನೇ ಅವಲಂಬಿಸಿದೆ.’ ಆ ಮೇಲೆ ಪರ್ಯಾಯ: ‘ಪದವಿಯ ಹೆಸರನ್ನು ಪಠ್ಯದಿಂದ ಕೈಬಿಟ್ಟು, ಅಭ್ಯರ್ಥಿ ಓದಿದ ವಿಷಯಗಳಿಗೂ ಹುದ್ದೆಯ ಕರ್ತವ್ಯಗಳಿಗೂ ಇರುವ ಸಂಬಂಧವನ್ನು ಪರಿಶೀಲಿಸಬೇಕೆಂದು ತಿದ್ದಬೇಕು.’ ಪರ್ಯಾಯ ವಾಕ್ಯವನ್ನು ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಎರಡು ಪುಟ ಸಾಕು. ಕರಡಿನಲ್ಲಿ ನಿಮಗೆ ಒಪ್ಪಿಗೆಯಾದ ಭಾಗವಿದ್ದರೆ ಅದನ್ನೂ ಕಾರಣಸಹಿತ ಹೇಳಿ; ವಿರೋಧಿಗಳ ಪತ್ರಗಳಷ್ಟೇ ಬಂದರೆ ಒಳ್ಳೆಯ ಅಂಶವೂ ಅಂತಿಮ ನಿಯಮದಲ್ಲಿ ಬಿದ್ದುಹೋಗಬಹುದು.

ಪತ್ರ ಇಂಗ್ಲಿಷಿನಲ್ಲಿರಲಿ. ವಲಸೆ ಇಲಾಖೆಯ ಪ್ರಕಟಣೆಗಳು ಇಂಗ್ಲಿಷ್ ಪಠ್ಯ ಅಥವಾ ಇಂಗ್ಲಿಷ್ ಅನುವಾದವನ್ನು ಕೇಳುತ್ತವೆ. ಭಾಷೆ ಸರಳವಾಗಿದ್ದರೆ ಸಾಕು, ವಕೀಲರ ಶೈಲಿ ಬೇಡ. ನಿಮ್ಮ ಪರವಾಗಿ ಪತ್ರ ಕಳುಹಿಸುತ್ತೇವೆ ಎನ್ನುವ ಖಾಸಗಿ ತಾಣಗಳಿಂದ ದೂರವಿರಿ, ಹಣ ಕೇಳುವವರಿಂದಂತೂ ಇನ್ನೂ ದೂರವಿರಿ: ಅಭಿಪ್ರಾಯ ಸಲ್ಲಿಸಲು ಒಂದು ಸೆಂಟೂ ಖರ್ಚಿಲ್ಲ. 2017ರಲ್ಲಿ ಇಂಟರ್ನೆಟ್ ಸಮಾನತೆಯ ನಿಯಮದ ಬಗ್ಗೆ ಎಫ್‌ಸಿಸಿಗೆ ಬಂದ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿಯಾಗಿದ್ದವೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ಮಾಡಿತು. ಎಷ್ಟೋ ಜನರ ಹೆಸರನ್ನು ಅವರಿಗೆ ತಿಳಿಯದಂತೆ ಬಳಸಲಾಗಿತ್ತು. ನಿಮ್ಮ ಹೆಸರಿನಲ್ಲಿ ಏನು ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲೇ ಇರಲಿ.

ಸಲ್ಲಿಕೆ

ರೆಗ್ಯುಲೇಷನ್ಸ್ ಡಾಟ್ ಗವ್ ತಾಣದಲ್ಲಿ ಅಭಿಪ್ರಾಯ ಬರೆಯುವ ಪೆಟ್ಟಿಗೆಯಲ್ಲಿ 5,000 ಅಕ್ಷರಗಳಷ್ಟೇ ಹಿಡಿಯುತ್ತವೆ. ಅಲ್ಲಿ ನಾಲ್ಕು ವಾಕ್ಯಗಳ ಸಾರಾಂಶ ಬರೆದು, ಪೂರ್ಣ ಪತ್ರವನ್ನು ಪಿಡಿಎಫ್ ಆಗಿ ಲಗತ್ತಿಸಿ. ವ್ಯಕ್ತಿ, ಸಂಸ್ಥೆ, ಅನಾಮಧೇಯ ಎಂಬ ಮೂರು ಆಯ್ಕೆಗಳಲ್ಲಿ, ಉದ್ಯೋಗದಾತರ ಭಯವಿಲ್ಲದವರು ಹೆಸರು ಹಾಕುವುದೇ ಸರಿ. ಅನುಭವದ ಮಾತಿಗೆ ಹೆಸರಿದ್ದರೆ ತೂಕ ಹೆಚ್ಚು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನೀವು ಕಳುಹಿಸಿದ್ದನ್ನು ಜಗತ್ತೆಲ್ಲ ಓದಬಹುದು. ಗಾಬರಿಯಲ್ಲಿ ತಮ್ಮ ಅನುಮೋದನಾ ಪತ್ರ, ಪಾಸ್‌ಪೋರ್ಟಿನ ಪುಟ, ಅರ್ಜಿಯ ರಸೀದಿ ಸಂಖ್ಯೆ, ಮಕ್ಕಳ ಹುಟ್ಟಿದ ದಿನಾಂಕಗಳನ್ನೆಲ್ಲ ಲಗತ್ತಿಸುವವರಿದ್ದಾರೆ. ಯಾವುದೂ ಬೇಡ. ನಿಮ್ಮ ವೈಯಕ್ತಿಕ ಅರ್ಜಿ ಈ ದಾರಿಯಲ್ಲಿ ಒಂದಿಂಚೂ ಮುಂದೆ ಹೋಗುವುದಿಲ್ಲ. ಪಠ್ಯಕ್ರಮದಂತಹ ದಾಖಲೆ ಲಗತ್ತಿಸುವಾಗಲೂ ವಿದ್ಯಾರ್ಥಿ ಸಂಖ್ಯೆ, ವಿಳಾಸಗಳನ್ನು ಅಳಿಸಿದ ಪ್ರತಿಯನ್ನೇ ಬಳಸಿ.

ಸಲ್ಲಿಸಿದ ನಂತರ ಪರದೆಯ ಮೇಲೆ ಬರುವ ಟ್ರ್ಯಾಕಿಂಗ್ ಸಂಖ್ಯೆಯನ್ನು ಉಳಿಸಿಕೊಳ್ಳಿ. ಪತ್ರ ತಾಣದಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಕಾಣಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸಬೇಡಿ.

ಆ ಬಳಿಕ

ಅಂತಿಮ ನಿಯಮ ಪ್ರಕಟವಾದಾಗ ಅದರ ವಿವರಣೆಯಲ್ಲಿ ಅಭಿಪ್ರಾಯಗಳನ್ನು ವಿಷಯವಾರು ವಿಂಗಡಿಸಿ ಇಲಾಖೆ ಉತ್ತರ ಕೊಟ್ಟಿರುತ್ತದೆ. ನೀವು ಎತ್ತಿದ ಅಂಶ ಅಲ್ಲಿದೆಯೇ, ಉತ್ತರ ಸಂಗತಿಗೆ ತಕ್ಕುದಾಗಿದೆಯೇ ಎಂದು ನೋಡಿ. ನಿಯಮವನ್ನು ಪ್ರಶ್ನಿಸಿ ಯಾವುದೇ ಸಂಘಟನೆ ದಾವೆ ಹೂಡಿದರೆ ನ್ಯಾಯಾಧೀಶರು ಪರಿಶೀಲಿಸುವುದು ಇದೇ ಕಡತವನ್ನು. ಅಭಿಪ್ರಾಯ ಕೇಳುವ ಹಂತದಲ್ಲಿ ಯಾರೂ ಎತ್ತದ ಅಂಶವನ್ನು ಅಲ್ಲಿ ಹೊಸದಾಗಿ ಎತ್ತುವುದು ಬಹಳ ಕಷ್ಟ. ಎಸ್‌ಟಿಇಎಂ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಗಳಲ್ಲಿ ಓದಿದ ವಿದ್ಯಾರ್ಥಿಗಳ ಕೆಲಸದ ಅವಧಿಯನ್ನು ವಿಸ್ತರಿಸಿದ 2008ರ ನಿಯಮ ಬಿದ್ದುಹೋದದ್ದು ಅಭಿಪ್ರಾಯ ಸಂಗ್ರಹಿಸದೆ ತರಾತುರಿಯಲ್ಲಿ ತಂದರೆಂಬ ಕಾರಣಕ್ಕೇ. 2015ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯ ಅದನ್ನು ರದ್ದುಪಡಿಸಿ, ಸರಿಪಡಿಸಲು ಕಾಲಾವಕಾಶ ಕೊಟ್ಟಿತು. ಅಕ್ಟೋಬರಿನಲ್ಲಿ ಹೊಸ ಕರಡು ಬಂದಾಗ 50,000ಕ್ಕೂ ಹೆಚ್ಚು ಅಭಿಪ್ರಾಯಗಳು ಸಲ್ಲಿಕೆಯಾದವು, ಮತ್ತು 2016ರ ಮಾರ್ಚ್‌ನಲ್ಲಿ 24 ತಿಂಗಳ ವಿಸ್ತರಣೆಯ ಅಂತಿಮ ನಿಯಮ ಪ್ರಕಟವಾಯಿತು.

ಸಾಮಾನ್ಯವಾಗಿ ಅಂತಿಮ ನಿಯಮ ಪ್ರಕಟಣೆಯಾದ 30 ದಿನಗಳ ನಂತರ, ಆರ್ಥಿಕ ಪರಿಣಾಮ ದೊಡ್ಡದಾಗಿದ್ದರೆ 60 ದಿನಗಳ ನಂತರ ಜಾರಿಗೆ ಬರುತ್ತದೆ. ನಿಮ್ಮ ಅರ್ಜಿಯನ್ನು ಹಳೆಯ ನಿಯಮದಡಿಯಲ್ಲೇ ಸಲ್ಲಿಸಬೇಕೋ, ಹೊಸದಕ್ಕೆ ಕಾಯಬೇಕೋ ಎಂಬುದನ್ನು ವಲಸೆ ವಕೀಲರೊಂದಿಗೆ ಕೂತು ನಿರ್ಧರಿಸಬೇಕಾದದ್ದು ಆ ಅವಧಿಯಲ್ಲಿ.