ಆರನೇ ತರಗತಿಗೆ ಯಾವ ಶಾಲೆ? ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗುಣಮಟ್ಟವನ್ನು ನೋಡಿ ತಿಳಿಯುವ ಬಗೆ

ನಮ್ಮ ಅನೇಕ ಹಳ್ಳಿಗಳಲ್ಲಿ ಊರಿನ ಸರ್ಕಾರಿ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಆರನೆಯದಕ್ಕೆ ಮಗುವನ್ನು ಪಕ್ಕದ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಬೇಕು. ಸುತ್ತಮುತ್ತ ಅಂಥ ಎರಡು ಮೂರು ಶಾಲೆಗಳಿದ್ದರೆ ತಂದೆತಾಯಿಗಳು ಸಾಮಾನ್ಯವಾಗಿ ಗೋಡೆಯ ಹೊಸ ಬಣ್ಣವನ್ನೋ, ಆಂಗ್ಲ ಮಾಧ್ಯಮದ ಫಲಕವನ್ನೋ, ನೆಂಟರ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎಂಬುದನ್ನೋ ನೋಡಿ ನಿರ್ಧರಿಸುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿಯಲ್ಲಿ, ಕೆಲವು ಕಾಲ ಸದಸ್ಯಳಾಗಿದ್ದ ನನಗೆ ಅನ್ನಿಸುವುದೆಂದರೆ, ಎರಡು ಸಲ ಶಾಲೆಗೆ ಹೋಗಿ ನೋಡಬೇಕಾದ್ದನ್ನು ನೋಡಿದರೆ ಇವುಗಳಿಗಿಂತ ಹೆಚ್ಚು ತಿಳಿಯುತ್ತದೆ, ಅದಕ್ಕೆ ಶಿಕ್ಷಣತಜ್ಞರಾಗಿರಬೇಕಿಲ್ಲ.

ಹೋಗುವ ಕಾಲ ಮಾತ್ರ ಮುಖ್ಯ. ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಬರುತ್ತದೆ, ಮಾರ್ಚ್ ಪೂರ್ತಿ ಪರೀಕ್ಷೆಯ ಗಡಿಬಿಡಿ. ಜನವರಿ ಅಥವಾ ಫೆಬ್ರವರಿಯ ಒಂದು ಮಾಮೂಲಿ ಮಂಗಳವಾರವೋ ಬುಧವಾರವೋ ಹೋಗುವುದು ಒಳ್ಳೆಯದು. ಗಣರಾಜ್ಯೋತ್ಸವದ ದಿನ, ಪ್ರತಿಭಾ ಕಾರಂಜಿಯ ದಿನ ಎಲ್ಲ ಶಾಲೆಗಳೂ ಚೆನ್ನಾಗಿಯೇ ಕಾಣುತ್ತವೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಅಂದು ನೋಡಿದ್ದು ಅರ್ಧ ಮಾತ್ರ.

ಹೋಗುವ ಮೊದಲು

ಪ್ರತಿ ಶಾಲೆಗೂ 11 ಅಂಕಿಗಳ ಯುಡೈಸ್ ಸಂಖ್ಯೆಯೊಂದಿರುತ್ತದೆ. ಕರ್ನಾಟಕದ ಶಾಲೆಯಾದರೆ ಅದು 29ರಿಂದ ಆರಂಭವಾಗುತ್ತದೆ, ಮುಂದಿನ ಅಂಕಿಗಳು ಜಿಲ್ಲೆ, ಬ್ಲಾಕ್ ಇತ್ಯಾದಿಗಳನ್ನು ಸೂಚಿಸುತ್ತವೆ. ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ ಹೆಸರನ್ನೋ ಈ ಸಂಖ್ಯೆಯನ್ನೋ ಕೊಟ್ಟು ಹುಡುಕಿದರೆ ಶಿಕ್ಷಕರೆಷ್ಟು, ಕೊಠಡಿಗಳೆಷ್ಟು, ತರಗತಿವಾರು ಮಕ್ಕಳೆಷ್ಟು, ಶೌಚಾಲಯವಿದೆಯೇ ಎಂಬ ವಿವರಗಳು ಮೊಬೈಲಿನಲ್ಲೇ ಸಿಗುತ್ತವೆ. ಆದರೆ ಈ ವಿವರಗಳನ್ನು ವರ್ಷಕ್ಕೊಮ್ಮೆ ತುಂಬುವುದು ಶಾಲೆಯೇ. ಆದ್ದರಿಂದ ಇವನ್ನು ಉತ್ತರಗಳೆಂದು ನಂಬದೆ, ಶಾಲೆಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳೆಂದು ಬರೆದಿಟ್ಟುಕೊಳ್ಳಬೇಕು.

ದಾಖಲಾತಿಯ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಐದನೆಯದರಲ್ಲಿ ಮೂವತ್ತು ಮಕ್ಕಳಿದ್ದು ಮರುವರ್ಷ ಆರನೆಯದರಲ್ಲಿ ಇಪ್ಪತ್ತಾರಾದರೆ ಶಾಲೆ ಕೆಟ್ಟಿದೆ ಎನ್ನಲಾಗದು. ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ, ಆದರ್ಶ ವಿದ್ಯಾಲಯಗಳು ಆರನೇ ತರಗತಿಗೇ ಪ್ರವೇಶ ಪರೀಕ್ಷೆ ನಡೆಸುವುದರಿಂದ, ಚೆನ್ನಾಗಿ ಕಲಿಸುವ ಶಾಲೆಯಿಂದಲೇ ಹೆಚ್ಚು ಮಕ್ಕಳು ಆ ಹಂತದಲ್ಲಿ ಹೊರಹೋಗಬಹುದು. ಆರರಿಂದ ಏಳಕ್ಕೆ ಹೋಗುವಾಗ ಸಂಖ್ಯೆ ಕುಸಿದಿದ್ದರೆ ಮಾತ್ರ ಆ ಮಕ್ಕಳು ಎಲ್ಲಿ ಹೋದರೆಂದು ಕೇಳಲೇಬೇಕು. ಜೊತೆಗೆ, ಶಾಲೆ ಏಳಕ್ಕೆ ನಿಲ್ಲುತ್ತದೆಯೋ ಎಂಟರವರೆಗೆ ಇದೆಯೋ ವಿಚಾರಿಸಿ. ಏಳಕ್ಕೆ ನಿಂತರೆ ಎರಡೇ ವರ್ಷದಲ್ಲಿ ಮಗು ಮತ್ತೊಮ್ಮೆ ಶಾಲೆ ಬದಲಿಸಿ ಪ್ರೌಢಶಾಲೆಗೆ ಹೊಂದಿಕೊಳ್ಳಬೇಕಾಗುತ್ತದೆ.

ಗಣಿತ ಯಾರು ತೆಗೆದುಕೊಳ್ಳುತ್ತಾರೆ?

ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗಳಿಗೆ ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರಂತೆ ಕನಿಷ್ಠ ಶಿಕ್ಷಕರಿರಬೇಕು ಮತ್ತು 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಬಾರದು. ಮಕ್ಕಳ ಸಂಖ್ಯೆ 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರಿರಬೇಕು. ಇಲ್ಲಿ ಲೆಕ್ಕ ತಪ್ಪುವುದು ಸುಲಭ. ಎಪ್ಪತ್ತು ಮಕ್ಕಳಿಗೆ ಇಬ್ಬರು ಶಿಕ್ಷಕರಿದ್ದರೆ 35ರ ಅನುಪಾತ ಸರಿಹೋಗುತ್ತದೆ, ಆದರೆ ಆ ಇಬ್ಬರೂ ಭಾಷೆ ಕಲಿಸುವವರಾಗಿದ್ದರೆ ನಿಮ್ಮ ಮಗು ಬೀಜಗಣಿತದ ಮೊದಲ ಪಾಠವನ್ನು ಅದರಲ್ಲಿ ಆಸಕ್ತಿಯಿಲ್ಲದವರಿಂದ ಕೇಳಬೇಕಾಗುತ್ತದೆ. ಆದ್ದರಿಂದ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನಿಂತು ಓದಿ, ಗಣಿತದ ಅವಧಿಯ ಎದುರು ಬರೆದ ಹೆಸರಿನವರು ಈಗ ಶಾಲೆಯಲ್ಲಿದ್ದಾರೆಯೇ ಎಂದು ನೋಡಬೇಕು.

ನಾನು ಹೀಗೆ ಕೇಳಿದ ಒಂದು ಶಾಲೆಯಲ್ಲಿ ನಡೆದ ಮಾತು ಇಷ್ಟು: 'ಸರ್, ಆರನೇ ಕ್ಲಾಸಿಗೆ ಗಣಿತ ಯಾರು ತಗೊಳ್ತಾರೆ?' 'ಗೆಸ್ಟ್ ಟೀಚರ್ ಇದ್ದಾರಮ್ಮ, ಆಗಸ್ಟ್‌ನಲ್ಲಿ ಬಂದ್ರು.' 'ಜೂನ್, ಜುಲೈ?' ಅವರು ಸ್ವಲ್ಪ ಸುಮ್ಮನಿದ್ದು, 'ನಾನೇ ಆದಷ್ಟು ತಗೊಂಡೆ, ಆಫೀಸ್ ಕೆಲಸದ ಮಧ್ಯೆ' ಎಂದರು. ಆ ಪ್ರಾಮಾಣಿಕತೆಗೆ ನಾನು ಅಂಕ ಕೊಟ್ಟೆ, ಆದರೆ ಎರಡು ತಿಂಗಳ ಗಣಿತ ಹೋದದ್ದನ್ನೂ ಬರೆದುಕೊಂಡೆ. ಅತಿಥಿ ಶಿಕ್ಷಕರೆಂದರೆ ಕಳಪೆ ಎಂದೇನಿಲ್ಲ. ಅವರಲ್ಲಿ ಅನೇಕರು ಖಾಯಂ ಶಿಕ್ಷಕರಷ್ಟೇ ಶ್ರದ್ಧೆಯಿಂದ ಕಲಿಸುತ್ತಾರೆ. ತೊಂದರೆ ಇರುವುದು ಅವರು ಬರುವ ಮೊದಲಿನ ವಾರಗಳಲ್ಲಿ, ಮತ್ತು ಮರುವರ್ಷ ಅವರೇ ಬರುತ್ತಾರೆಂಬ ಖಾತ್ರಿ ಇಲ್ಲದಿರುವುದರಲ್ಲಿ. ಹಾಗೆಯೇ ಖಾಯಂ ಶಿಕ್ಷಕರು ಎಷ್ಟು ದಿನ ಓಓಡಿ ಮೇಲೆ, ಅಂದರೆ ಬೇರೆ ಸರ್ಕಾರಿ ಕೆಲಸದ ಮೇಲೆ, ಹೊರಗಿದ್ದರು, ಯಾರಾದರೂ ಬೇರೆ ಕಡೆಗೆ ನಿಯೋಜನೆಗೊಂಡಿದ್ದಾರೆಯೇ ಎಂದು ಕೇಳಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಕಳಿಸಲು ಕಾಯ್ದೆಯಲ್ಲೇ ಅವಕಾಶವಿರುವುದರಿಂದ ಅದು ಶಾಲೆಯ ತಪ್ಪಲ್ಲ. ಆ ದಿನಗಳಲ್ಲಿ ತರಗತಿಯನ್ನು ಯಾರು ನೋಡಿಕೊಂಡರು ಎಂಬುದಕ್ಕೆ ಮಾತ್ರ ಶಾಲೆಯೇ ಉತ್ತರಿಸಬೇಕು.

ಮೂರು ನೋಟ್‌ಬುಕ್‌ಗಳು

ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದೆ ಎಂದರೆ ನಾನು ಮಕ್ಕಳ ನೋಟ್‌ಬುಕ್ ನೋಡಿ ಎನ್ನುತ್ತೇನೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಆರನೇ ಅಥವಾ ಏಳನೇ ತರಗತಿಯ ಮೂರು ಗಣಿತದ ನೋಟ್‌ಬುಕ್ ಕೇಳಿ ಪಡೆಯಿರಿ: ಮೊದಲ ಬೆಂಚಿನ ಮಗುವಿನದೊಂದು, ಕೊನೆಯ ಬೆಂಚಿನದೊಂದು, ಆಗಾಗ ಗೈರುಹಾಜರಾಗುವ ಮಗುವಿನದೊಂದು. ಶಾಲೆ ತಾನಾಗಿ ಮುಂದಿಡುವ ನೋಟ್‌ಬುಕ್ ಯಾವಾಗಲೂ ಮುತ್ತಿನಂಥ ಅಕ್ಷರದ್ದು. ಅದನ್ನು ಮೆಚ್ಚಿ ಪಕ್ಕಕ್ಕಿಡಬಹುದು.

ಮೊದಲು ದಿನಾಂಕಗಳನ್ನು ನೋಡಬೇಕು. ಈ ತರಗತಿಗಳಿಗೆ ವರ್ಷಕ್ಕೆ 220 ದಿನ, 1000 ಗಂಟೆಗಳ ಬೋಧನೆ ನಡೆಯಬೇಕೆಂಬ ನಿಯಮವಿದೆ. ಜೂನ್‌ನಿಂದ ಜನವರಿಯವರೆಗೆ ನೋಟ್‌ಬುಕ್‌ನಲ್ಲಿ ಇಪ್ಪತ್ತೈದು ದಿನಾಂಕಗಳಷ್ಟೇ ಇದ್ದರೆ, ದಸರಾ ರಜೆಯನ್ನು ಕಳೆದರೂ ಉಳಿದ ದಿನಗಳು ಏನಾದವೆಂದು ಯೋಚಿಸಬೇಕು. ಆಮೇಲೆ ಮೂರೂ ನೋಟ್‌ಬುಕ್‌ಗಳ ಒಂದೇ ಪುಟವನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿ. ಮೂರರಲ್ಲೂ ಪದಕ್ಕೆ ಪದ ಒಂದೇ ಉತ್ತರವಿದ್ದರೆ ಮಕ್ಕಳು ಕರಿಹಲಗೆಯಿಂದಲೋ ಗೈಡಿನಿಂದಲೋ ನಕಲು ಮಾಡಿದ್ದಾರೆ ಎಂದರ್ಥ. ತಪ್ಪುಗಳು ಬೇರೆ ಬೇರೆಯಾಗಿದ್ದರೆ ಸಂತೋಷಪಡಿ, ಏಕೆಂದರೆ ಮಕ್ಕಳು ತಾವೇ ಲೆಕ್ಕ ಮಾಡಿದ್ದಾರೆ.

ಇನ್ನು ಕೆಂಪು ಶಾಯಿ. ಆರನೇ ತರಗತಿಯ ಮಗುವೊಂದು 1/2 + 1/3 = 2/5 ಎಂದು ಬರೆದಿತ್ತು ಎನ್ನಿ. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿದೆ. ಆ ವಯಸ್ಸಿನಲ್ಲಿ ಎಲ್ಲ ಊರಿನ ಮಕ್ಕಳೂ ಮಾಡುವ ತಪ್ಪು ಇದು. ಒಂದು ಶಾಲೆಯಲ್ಲಿ ಇಂಥ ಲೆಕ್ಕದ ಮೇಲೆ ಪುಟದುದ್ದಕ್ಕೂ ಒಂದು ದೊಡ್ಡ ರೈಟ್ ಗುರುತು ಹಾಕಿ, ಸಹಿ ಮಾಡಿ ಬಿಟ್ಟಿರುತ್ತಾರೆ. ಇನ್ನೊಂದರಲ್ಲಿ ಇಂಟು ಗುರುತು ಹಾಕಿ ಪಕ್ಕದಲ್ಲಿ 5/6 ಎಂದು ಬರೆದಿರುತ್ತಾರೆ. ಅಪರೂಪಕ್ಕೆ ಮೂರನೆಯ ಬಗೆ ಕಾಣುತ್ತದೆ: ಶಿಕ್ಷಕರು 'ಅರ್ಧ ರೊಟ್ಟಿಗಿಂತ 2/5 ಹೆಚ್ಚೋ ಕಡಿಮೆಯೋ? ನೋಡಿ ಮತ್ತೆ ಮಾಡು' ಎಂದು ಬರೆದಿರುತ್ತಾರೆ, ಕೆಳಗೆ ಮಗು ಎರಡೂ ಭಿನ್ನರಾಶಿಗಳನ್ನು ಆರನೇ ಭಾಗಗಳಿಗೆ ತಂದು ಮತ್ತೆ ಮಾಡಿರುತ್ತದೆ, ಅದರ ಕೆಳಗೆ ಇನ್ನೊಮ್ಮೆ ಸಹಿ ಇರುತ್ತದೆ. ಈ ಎರಡನೆಯ ಸಹಿಯನ್ನು ಕೊನೆಯ ಬೆಂಚಿನ ನೋಟ್‌ಬುಕ್‌ನಲ್ಲಿ ಕಂಡರೆ ಆ ಶಾಲೆಯ ಬಗ್ಗೆ ನನಗೆ ಹೆಚ್ಚು ಅನುಮಾನ ಉಳಿಯುವುದಿಲ್ಲ.

ಓದು ಮತ್ತು ಲೆಕ್ಕದ ಬುನಾದಿಯನ್ನು ತಿಳಿಯಲು 2005ರಿಂದ ಗ್ರಾಮೀಣ ಭಾರತದಲ್ಲಿ ಅಸರ್ ಸಮೀಕ್ಷೆ ಬಳಸುತ್ತಿರುವ ವಿಧಾನ ನಮಗೂ ಸಾಕು. ಎರಡನೇ ತರಗತಿಯ ಮಟ್ಟದ ಒಂದು ಪುಟ್ಟ ಕಥೆಯನ್ನು ಓದಿಸುವುದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಹೇಳುವುದು, ಅಷ್ಟೇ. 824 ಅನ್ನು 8ರಿಂದ ಭಾಗಿಸು ಎಂದರೆ ಬಹಳಷ್ಟು ಮಕ್ಕಳು 13 ಎನ್ನುತ್ತಾರೆ. ನಡುವಿನ ಸೊನ್ನೆ ಬಿದ್ದುಹೋಗಿರುತ್ತದೆ. ಇದನ್ನು ನಿಮಗೆ ಪರಿಚಯವಿರುವ, ಆ ಶಾಲೆಗೆ ಹೋಗುವ ನಾಲ್ಕಾರು ಮಕ್ಕಳ ಜೊತೆ ಮನೆಯ ಜಗುಲಿಯಲ್ಲಿ ಕುಳಿತು ಮಾಡುವುದು ಮೇಲು. ತರಗತಿಯಲ್ಲಿ ಎಲ್ಲರೆದುರು ಮಗುವನ್ನು ಎಬ್ಬಿಸಿ ನಿಲ್ಲಿಸಿ ಕೇಳುವುದು ಪರೀಕ್ಷೆಯಲ್ಲ, ಅವಮಾನ.

ಏಳನೇ ತರಗತಿಯಲ್ಲಿ ಓದಲು ಬಾರದ ಮಕ್ಕಳು ಇರುವುದರಿಂದಲೇ ಶಾಲೆಯನ್ನು ತಳ್ಳಿಹಾಕಬಾರದು. ನಾಲ್ಕು ಊರಿನ ಕಿರಿಯ ಪ್ರಾಥಮಿಕ ಶಾಲೆಗಳಿಂದ ಬಂದ ಮಕ್ಕಳು ಅಲ್ಲಿ ಸೇರಿರುತ್ತಾರೆ, ಕೆಲವರು ಐದು ವರ್ಷದ ಬಾಕಿಯನ್ನು ಹೊತ್ತು ತಂದಿರುತ್ತಾರೆ. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ಗಟ್ಟಿಮಾಡುವ ಕಾರ್ಯಕ್ರಮ, ಎಲ್ಲ ಶಾಲೆಗಳಲ್ಲೂ ನಡೆಯುತ್ತದೆ. ಅದು ಮುಗಿದ ಮೇಲೂ ಹಿಂದುಳಿದವರಿಗೆ ಏನು ಮಾಡುತ್ತೀರಿ ಎಂದು ಕೇಳಬೇಕು. 'ಎಂಟು ಮಕ್ಕಳಿಗೆ ಇನ್ನೂ ಓದು ಬಂದಿಲ್ಲ, ದಿನಾ ಪ್ರಾರ್ಥನೆ ಆದ ಮೇಲೆ ಅರ್ಧ ಗಂಟೆ ಅವರನ್ನು ಬೇರೆ ಕೂರಿಸ್ತೀವಿ' ಎನ್ನುವ ಶಿಕ್ಷಕಿ, 'ನಮ್ಮಲ್ಲಿ ಎಲ್ಲಾ ಚೆನ್ನಾಗಿದೆ' ಎನ್ನುವವರಿಗಿಂತ ನಂಬಿಕೆಗೆ ಅರ್ಹರು. ಎಂಟನೇ ತರಗತಿ ಇರುವ ಶಾಲೆಯಾದರೆ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಅದರಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ ₹12,000 ವಿದ್ಯಾರ್ಥಿವೇತನ ಸಿಗುತ್ತದೆ. ಆಯ್ಕೆಯಾದವರೆಷ್ಟು ಎಂಬುದಕ್ಕಿಂತ ಬರೆದವರೆಷ್ಟು ಎಂಬ ಸಂಖ್ಯೆ ಶಾಲೆಯ ಆಸ್ಥೆಯನ್ನು ಚೆನ್ನಾಗಿ ಹೇಳುತ್ತದೆ.

ಊಟದ ಹೊತ್ತಿಗೆ

ಎರಡನೇ ಭೇಟಿಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳಬೇಕು. ಅಕ್ಷರ ದಾಸೋಹದಲ್ಲಿ 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬ ಅಳತೆಯಿದೆ. ತಕ್ಕಡಿ ಬೇಕಿಲ್ಲ, ಸಾರಿನಲ್ಲಿ ಸೌಟು ಆಡಿಸಿದಾಗ ತರಕಾರಿ ಮೇಲೆ ಬರುತ್ತದೆಯೇ, ಎರಡನೇ ಸಲ ಬಡಿಸುತ್ತಾರೆಯೇ, ಮಕ್ಕಳಿಗಿಂತ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿದರೇ ಎಂದು ಗಮನಿಸಿದರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಬೆರೆತು ಕುಳಿತಿದ್ದಾರೆಯೇ, ಕೇರಿಗೊಂದು ಗುಂಪಾಗಿ ದೂರ ದೂರ ಕುಳಿತಿದ್ದಾರೆಯೇ ನೋಡಿ. ಕಸ ಗುಡಿಸುವ, ಶೌಚಾಲಯಕ್ಕೆ ನೀರು ಹಾಕುವ ಕೆಲಸ ಯಾವಾಗಲೂ ಅದೇ ಕೆಲವು ಮಕ್ಕಳ ಪಾಲಿಗೆ ಬರುತ್ತಿದ್ದರೆ, ಆ ಶಾಲೆಯ ಗಣಿತ ಎಷ್ಟೇ ಚೆನ್ನಾಗಿದ್ದರೂ ನನ್ನ ಮಗಳನ್ನು ನಾನು ಅಲ್ಲಿಗೆ ಸೇರಿಸುವುದಿಲ್ಲ.

ಶೌಚಾಲಯದ ವಿಷಯದಲ್ಲಿ ಒಂದೇ ಪ್ರಶ್ನೆ: ಬೀಗದ ಕೈ ಯಾರ ಬಳಿ ಇದೆ? ಬೀಗ ಹಾಕಿಟ್ಟ ಹೊಚ್ಚ ಹೊಸ ಶೌಚಾಲಯಗಳನ್ನು ನಾನು ಕಂಡಿದ್ದೇನೆ. ಮಕ್ಕಳು ಗಲೀಜು ಮಾಡುತ್ತಾರೆಂಬುದು ಅದಕ್ಕೆ ಕೊಡುವ ಕಾರಣ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಒಳಗಿನಿಂದ ಚಿಲಕವಿರಬೇಕು, ನೀರಿರಬೇಕು, ಪ್ಯಾಡ್ ಹಾಕಲು ಮುಚ್ಚಳದ ಬುಟ್ಟಿಯಿರಬೇಕು. ಏಳನೇ ತರಗತಿಯ ಹುಡುಗಿಯರು ತಿಂಗಳಲ್ಲಿ ಮೂರು ನಾಲ್ಕು ದಿನ ಸಾಲಾಗಿ ಗೈರಾಗುವುದು ಹಾಜರಿ ಪುಸ್ತಕದಲ್ಲಿ ಕಂಡರೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಗ್ರಂಥಾಲಯ, ಪ್ರಯೋಗದ ಸಾಮಾನುಗಳನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಬಹುದು: ಪುಸ್ತಕ ವಿತರಣಾ ವಹಿಯ ಕೊನೆಯ ದಿನಾಂಕ ಮತ್ತು ವಿಜ್ಞಾನದ ಪೆಟ್ಟಿಗೆಯ ಮೇಲಿನ ಧೂಳು ಎಲ್ಲವನ್ನೂ ಹೇಳುತ್ತವೆ. ಬೆತ್ತ ಎಲ್ಲಾದರೂ ಕಾಣುತ್ತದೆಯೇ ಎಂದೂ ಕಣ್ಣಾಡಿಸಿ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಶಿಕ್ಷಕರು ಒಳಗೆ ಬಂದಾಗ ಮಕ್ಕಳು ಮಾತು ಮುಂದುವರಿಸುತ್ತಾರೋ ಕಲ್ಲಾಗುತ್ತಾರೋ ಎಂಬುದನ್ನು ಕಿಟಕಿಯಾಚೆ ನಿಂತು ನೋಡಿದರೂ ತಿಳಿಯುತ್ತದೆ.

ನಡಾವಳಿ ಪುಸ್ತಕ

ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು ಬಂದದ್ದು 2001ರಲ್ಲಿ. ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಸಭೆಯ ನಡಾವಳಿ ಪುಸ್ತಕವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ವರ್ಷವಿಡೀ ಕಾಂಪೌಂಡು ಮತ್ತು ಸ್ವಾತಂತ್ರ್ಯ ದಿನದ ಸಿಹಿಯ ಚರ್ಚೆಯೇ ಇದ್ದು, ಮಕ್ಕಳ ಕಲಿಕೆಯ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಆ ಊರಿನ ಪೋಷಕರು ಶಾಲೆಯನ್ನು ಕಟ್ಟಡವೆಂದಷ್ಟೇ ನೋಡುತ್ತಿದ್ದಾರೆ. ಮಹಿಳಾ ಸದಸ್ಯರ ಸಹಿಗಳೆಲ್ಲ ಒಂದೇ ಕೈಬರಹದಲ್ಲಿವೆಯೇ ಎಂದೂ ನೋಡಿ. ನಮ್ಮ ಸಮಿತಿಯಲ್ಲೇ ಆರಂಭದಲ್ಲಿ ನನ್ನ ಹೆಸರಿನ ಮುಂದೆ ಬೇರೆ ಯಾರೋ ಸಹಿ ಹಾಕಿದ್ದರು.

ಕೇಳಿದ ಮಾಹಿತಿಯನ್ನು ಶಾಲೆ ಕೊಡದಿದ್ದರೆ ಮೊದಲು ಸಿಆರ್‌ಪಿಯವರನ್ನು (ಸುತ್ತಲಿನ ಕೆಲವು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ವಿಚಾರಿಸಬಹುದು. ಅದೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ₹10 ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಆದರೆ ಮಗುವನ್ನು ಸೇರಿಸಬೇಕಾದ ಶಾಲೆಯ ಜೊತೆ ಅರ್ಜಿಯಿಂದ ಸಂಬಂಧ ಶುರುಮಾಡುವುದು ನನಗಂತೂ ಕೊನೆಯ ದಾರಿ.

ಎಲ್ಲದರಲ್ಲೂ ಗೆಲ್ಲುವ ಶಾಲೆ ಸಿಗುವುದು ಕಷ್ಟ. ಗಣಿತ-ವಿಜ್ಞಾನಕ್ಕೆ ಶಿಕ್ಷಕರು, ತಿದ್ದಿದ ನೋಟ್‌ಬುಕ್, ಭಯವಿಲ್ಲದ ತರಗತಿ, ಬೀಗವಿಲ್ಲದ ಶೌಚಾಲಯ, ಈ ನಾಲ್ಕೂ ಇರುವ ಶಾಲೆ ಸಿಕ್ಕರೆ ಸೋರುವ ಹೆಂಚನ್ನೂ ಖಾಲಿ ಕಪಾಟನ್ನೂ ಸಮಿತಿಗೆ ಸೇರಿ ಸರಿಪಡಿಸಬಹುದು. ಈ ನಾಲ್ಕರಲ್ಲಿ ಎರಡು ಇಲ್ಲದಿದ್ದರೆ ಸ್ಮಾರ್ಟ್ ಟಿವಿ ಇದ್ದರೂ ಮುಂದಿನ ಶಾಲೆಯನ್ನು ನೋಡಬೇಕು. ನಿರ್ಧರಿಸುವ ಮುನ್ನ ಮಗುವನ್ನು ಕರೆದುಕೊಂಡು ಶಾಲೆಯ ದಾರಿಯನ್ನು ಒಮ್ಮೆ ನಡೆದು ನೋಡಿ. ಈ ತರಗತಿಗಳಿಗೆ ಶಾಲೆ ಮೂರು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತದೆ ನಿಯಮ. ಫೆಬ್ರವರಿಯಲ್ಲಿ ಒಣಗಿರುವ ಹಳ್ಳ ಜುಲೈನಲ್ಲಿ ಎಷ್ಟು ಎತ್ತರಕ್ಕೆ ಬರುತ್ತದೆಂದು ಆ ದಾರಿಯ ಮನೆಯವರನ್ನು ಕೇಳಿ ತಿಳಿಯಬೇಕು.